ಸಿಇಟಿ: ವೇಳಾಪಟ್ಟಿಯಲ್ಲಿ 80 ನಿಮಿಷ, ಕೈಗೆ ಸಿಗುವುದು 70

ಎಂಜಿನಿಯರಿಂಗ್ ಮತ್ತಿತರ ವೃತ್ತಿಪರ ಕೋರ್ಸಿನ ಪ್ರವೇಶ ಪರೀಕ್ಷೆ ಸಿಇಟಿಯ ಬೆಳಗಿನ ಪೇಪರ್ 10.30ರಿಂದ 11.50, ಮಧ್ಯಾಹ್ನದ್ದು 2.30ರಿಂದ 3.50. ಇದನ್ನು ನೋಡಿ ಮನೆಯಲ್ಲಿ 80 ನಿಮಿಷಕ್ಕೆ ಅಲಾರಾಂ ಇಟ್ಟು ಅಭ್ಯಾಸ ಮಾಡುವವರೇ ಜಾಸ್ತಿ. ಆದರೆ ಪ್ರಶ್ನೆಪುಸ್ತಿಕೆಯ ಸೀಲ್ ಒಡೆಯುವುದು ಮೂರನೇ ಬೆಲ್ ಆದ ಮೇಲೆ, 10.40ಕ್ಕೆ ಮತ್ತು 2.40ಕ್ಕೆ. ಮೊದಲ ಹತ್ತು ನಿಮಿಷ ಸಿಇಟಿ ನಂಬರ್, ವರ್ಷನ್ ಕೋಡ್ ತುಂಬುವುದಕ್ಕೆ ಮೀಸಲು. ಉಳಿಯುವುದು 70 ನಿಮಿಷ, ಪ್ರಶ್ನೆ 60. ಹಾಗಾಗಿ ಅಭ್ಯಾಸವೂ 70 ನಿಮಿಷಕ್ಕೇ ನಡೆಯಲಿ, ಸಾಧ್ಯವಾದರೆ ಅದೇ ಹೊತ್ತಿನಲ್ಲಿ. ಒಳಗೆ ಕೈಗಡಿಯಾರಕ್ಕೆ ಅವಕಾಶವಿಲ್ಲ, ಆದ್ದರಿಂದ ಮನೆಯಲ್ಲೂ ಗೋಡೆ ಗಡಿಯಾರ ನೋಡಿಯೇ ಬರೆಯಿರಿ. ಕೋಣೆಯಲ್ಲಿ ಗಡಿಯಾರ ಕಾಣದಿದ್ದರೆ ಮೇಲ್ವಿಚಾರಕರನ್ನು ಟೈಮ್ ಕೇಳುವುದಕ್ಕೆ ಸಂಕೋಚ ಬೇಡ.

ಪೇಪರನ್ನು ಮೂರು ಸುತ್ತಿನಲ್ಲಿ ಮುಗಿಸಿ. ಮೊದಲ ಸುತ್ತಿಗೆ 35 ನಿಮಿಷ: 1ರಿಂದ 60ರವರೆಗೆ ಎಲ್ಲವನ್ನೂ ಓದಿ, ದಾರಿ ತಕ್ಷಣ ಹೊಳೆದದ್ದನ್ನು ಮಾತ್ರ ಮಾಡಿ. ಅರ್ಧ ನಿಮಿಷವಾದರೂ ಯಾವ ಸೂತ್ರ ಅಂತ ಗೊತ್ತಾಗದಿದ್ದರೆ ಪುಸ್ತಿಕೆಯಲ್ಲಿ ಆ ನಂಬರಿಗೆ ಸುತ್ತು ಹಾಕಿ ಮುಂದೆ ಹೋಗಿ. ಎರಡನೇ ಸುತ್ತಿನ 25 ನಿಮಿಷ ಸುತ್ತು ಹಾಕಿದವಕ್ಕೆ, ಒಂದೊಂದಕ್ಕೆ ಹೆಚ್ಚೆಂದರೆ ಎರಡು ನಿಮಿಷ. ಮೂರನೇ ಸುತ್ತು ಕೊನೆಯ ಹತ್ತು ನಿಮಿಷ: ಹೊಸ ಲೆಕ್ಕ ಮುಟ್ಟಬೇಡಿ, ಖಾಲಿ ಉಳಿದ ಸಾಲು ತುಂಬಿ. ಜೀವಶಾಸ್ತ್ರದಲ್ಲಿ ಮೊದಲ ಸುತ್ತಿಗೇ ಮುಕ್ಕಾಲು ಪಾಲು ಮುಗಿಯಬಹುದು. ಗಣಿತದಲ್ಲಿ ಅರ್ಧ ಮುಗಿದರೂ ಗಾಬರಿಪಡುವಂಥದ್ದೇನಿಲ್ಲ.

ನಿಜವಾಗಿ ಟೈಮ್ ತಿನ್ನುವುದು ಕಷ್ಟದ ಪ್ರಶ್ನೆಯಲ್ಲ, ಬರುತ್ತದೆ ಅನ್ನಿಸುವ ಪ್ರಶ್ನೆ. ಮೈನಸ್ 1ರಿಂದ 1ರವರೆಗೆ ಎಕ್ಸ್ ಕ್ಯೂಬ್ ಇಂಟು ಕಾಸ್ ಎಕ್ಸ್ ಇಂಟಿಗ್ರೇಟ್ ಮಾಡಿ ಅಂತ ಕೇಳಿದರು ಅಂದುಕೊಳ್ಳಿ. ಬೈ ಪಾರ್ಟ್ಸ್ ಗೊತ್ತಿರುವವರು ಖುಷಿಯಿಂದ ಶುರುಮಾಡುತ್ತಾರೆ. ಅದನ್ನು ಮೂರು ಸಲ ಹಾಕಬೇಕು, ನಡುವೆ ಒಂದು ಚಿಹ್ನೆ ತಪ್ಪಿದರೆ ನಾಲ್ಕು ನಿಮಿಷ ನೀರುಪಾಲು. ಎಕ್ಸ್ ಕ್ಯೂಬ್ ಆಡ್, ಕಾಸ್ ಈವನ್, ಗುಣಿಸಿದರೆ ಆಡ್ ಫಂಕ್ಷನ್, ಲಿಮಿಟ್ ಸೊನ್ನೆಯ ಎರಡೂ ಕಡೆ ಸಮ, ಹಾಗಾಗಿ ಎಡ ಬಲದ ಬೆಲೆ ಒಂದಕ್ಕೊಂದು ವಜಾ. ಉತ್ತರ ಸೊನ್ನೆ, ಹತ್ತು ಸೆಕೆಂಡಿನ ಕೆಲಸ. ಪೆನ್ ಊರುವ ಮೊದಲು ಲಿಮಿಟ್ಟನ್ನೂ ನಾಲ್ಕು ಆಯ್ಕೆಗಳನ್ನೂ ನೋಡುವ ಅಭ್ಯಾಸ ಬೇಕು. ಸಮೀಕರಣ ಬಿಡಿಸುವ ಬದಲು ಆಯ್ಕೆಗಳನ್ನೇ ಹಾಕಿ ನೋಡುವುದು, ಭೌತಶಾಸ್ತ್ರದಲ್ಲಿ ಡೈಮೆನ್ಷನ್ ಹೊಂದದ ಆಯ್ಕೆಯನ್ನು ಹೊಡೆದುಹಾಕುವುದು, ಎಲ್ಲ ಇದೇ ಜಾತಿ.

ಪ್ರಶ್ನೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಎರಡನ್ನೂ ಓದುತ್ತ ಕೂತರೆ ಓದುವುದಕ್ಕೇ ದುಪ್ಪಟ್ಟು ಹೊತ್ತು. ಪಿಯುಸಿ ಯಾವುದರಲ್ಲಿ ಓದಿದ್ದೀರೋ ಅದನ್ನೇ ಹಿಡಿಯಿರಿ, ಪದ ಅರ್ಥವಾಗದಿದ್ದಾಗ ಮಾತ್ರ ಇನ್ನೊಂದನ್ನು ನೋಡಿ.

ಓಎಂಆರ್, ಅಂದರೆ ವೃತ್ತ ತುಂಬುವ ಉತ್ತರದ ಹಾಳೆಯನ್ನು ಕೊನೆಗೆ ಒಟ್ಟಿಗೆ ತುಂಬುತ್ತೇನೆ ಅನ್ನುವುದು ಕೆಟ್ಟ ಲೆಕ್ಕ. ಒಂದು ವೃತ್ತಕ್ಕೆ ಐದು ಸೆಕೆಂಡ್ ಅಂದರೂ 60ಕ್ಕೆ ಐದು ನಿಮಿಷ, ಅದೂ ಕೈ ನಡುಗುವ ಹೊತ್ತಿನಲ್ಲಿ. ಇತ್ತ ಒಂದೊಂದಕ್ಕೂ ಹಾಳೆ ಕಡೆ ತಿರುಗಿದರೆ ಗಮನ ಹಾರುತ್ತದೆ. ಪುಸ್ತಿಕೆಯ ಒಂದು ಪುಟ ಮುಗಿದೊಡನೆ ಆ ಪುಟದ ಉತ್ತರಗಳನ್ನು ತುಂಬುವುದು ಸರಿ. ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಸಾಲು ಜಾರುವುದು ಸಾಮಾನ್ಯ: 23 ಬಿಟ್ಟು 24ರ ಉತ್ತರವನ್ನು 23ಕ್ಕೆ ತುಂಬಿದರೆ ಅಲ್ಲಿಂದ ಮುಂದೆಲ್ಲ ತಪ್ಪು. ಹತ್ತು, ಇಪ್ಪತ್ತು, ಮೂವತ್ತರಲ್ಲಿ ನಂಬರ್ ತಾಳೆ ನೋಡಿ. ಬಾಲ್‌ಪೆನ್ ಆದ್ದರಿಂದ ಅಳಿಸುವ ಮಾತಿಲ್ಲ. ಪೆನ್ ತುದಿಯ ಚುಕ್ಕೆ ಬಿದ್ದರೂ ಸ್ಕ್ಯಾನರ್ ಓದುತ್ತದೆ, ಯೋಚಿಸುವಾಗ ಪೆನ್ ಹಾಳೆಯಿಂದ ದೂರ ಇರಲಿ.

ಮಲೆನಾಡಿನ ಕೇಂದ್ರಗಳಲ್ಲಿ ಮಧ್ಯಾಹ್ನದ ಪೇಪರಿಗೆ ಹೀಗೆ ಪುಟ ಪುಟಕ್ಕೂ ತುಂಬುವುದಕ್ಕೆ ಇನ್ನೊಂದು ಕಾರಣವೂ ಇದೆ. ಏಪ್ರಿಲ್‌ನಲ್ಲಿ ಮೂರು ಗಂಟೆ ಹೊತ್ತಿಗೆ ಮೋಡ ಕಟ್ಟಿ, ಗುಡುಗು ಶುರುವಾಗಿ ಕರೆಂಟ್ ಹೋಗುವುದು ನಮಗೇನೂ ಹೊಸದಲ್ಲ. ಹೆಂಚಿನ ಕಟ್ಟಡವಾದರೆ ಮಳೆ ಸದ್ದೂ ಸೇರುತ್ತದೆ. ಆ ಮಬ್ಬಿನಲ್ಲಿ 60 ವೃತ್ತ ತುಂಬುವುದು ಬಾಕಿಯಿದ್ದರೆ ಕಷ್ಟ. ಒಂದೆರಡು ಅಭ್ಯಾಸ ಪೇಪರನ್ನು ಬೇಕೆಂದೇ ಫ್ಯಾನ್, ಲೈಟ್ ಇಲ್ಲದೆ ಕಿಟಕಿ ಬೆಳಕಿನಲ್ಲಿ ಬರೆಯಿರಿ. ತೀರ್ಥಹಳ್ಳಿ, ಹೊಸನಗರ ಕಡೆಯವರಿಗೆ ಶಿವಮೊಗ್ಗದಲ್ಲಿ ಕೇಂದ್ರ ಬಿದ್ದರೆ ಹಿಂದಿನ ಸಂಜೆಯೇ ಬಂದು ನೆಂಟರ ಮನೆಯಲ್ಲಿ ಉಳಿಯುವುದು ವಾಸಿ. ಮಲೆನಾಡಿನ ರಸ್ತೆಯಲ್ಲಿ ಬಸ್ ಕುಲುಕಾಟ ಮುಗಿಸಿ ಓಡೋಡಿ ಬಂದು ಕೂತರೆ ಮೊದಲ ಕಾಲುಗಂಟೆ ತಲೆ ನಿಲ್ಲುವುದಿಲ್ಲ.

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಹಾಗಾಗಿ ಕೊನೆಯ ಹತ್ತು ನಿಮಿಷದಲ್ಲಿ ಒಂದು ಸಾಲೂ ಖಾಲಿ ಉಳಿಯಬಾರದು. ಎರಡು ಆಯ್ಕೆ ಹೊಡೆದುಹಾಕಲು ಆದರೆ ಉಳಿದ ಎರಡರಲ್ಲಿ ಒಂದು, ಏನೂ ಗೊತ್ತಿಲ್ಲದಿದ್ದರೂ ಯಾವುದೋ ಒಂದು. ಎರಡು ವೃತ್ತ ತುಂಬಿದರೆ ಮಾತ್ರ ಅಂಕ ಇಲ್ಲ. ಇದೇ ಚಾಳಿಯನ್ನು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ಗೆ ಒಯ್ಯಬೇಡಿ. ಅಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1, ಸುಳಿವೇ ಇಲ್ಲದ್ದನ್ನು ಬಿಡುವುದೇ ಕ್ಷೇಮ.