ಗರ್ಭಕಂಠದ ತಪಾಸಣೆಗೆ ಹೋದಾಗ ಸೋಂಕಿನ ಪರೀಕ್ಷೆಯನ್ನೂ ಕೇಳಿ

ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ ಎಂದು ಮಲೆನಾಡಿನ ಹೆಂಗಸರು ಮುಂದೂಡುವ ಕೆಲಸಗಳಲ್ಲಿ ಗರ್ಭಕಂಠದ ತಪಾಸಣೆಯೂ ಒಂದು. 30 ದಾಟಿದವರು ಇದನ್ನು 5 ವರ್ಷಕ್ಕೊಮ್ಮೆ ಮಾಡಿಸಬೇಕು. ಮಾಡಿಸಿಕೊಂಡವರು ‘ಎಲ್ಲಾ ಸರಿ ಇದೆಯಂತೆ’ ಎಂದು ನಿರಾಳವಾಗುತ್ತಾರೆ. ಆದರೆ ಅಲ್ಲಿ ನೋಡಿದ್ದು ಕ್ಯಾನ್ಸರ್‌ನ ಮುನ್ಸೂಚನೆ ಮಾತ್ರ. ಕ್ಲಮೈಡಿಯಾ, ಗೊನೋರಿಯಾ, ಸಿಫಿಲಿಸ್, ಎಚ್‌ಐವಿಯಂಥ ಸಂಭೋಗದಿಂದ ಹರಡುವ ಸೋಂಕು ಇದೆಯೋ ಇಲ್ಲವೋ ಅದರಲ್ಲಿ ತಿಳಿಯುವುದಿಲ್ಲ. ಕ್ಲಮೈಡಿಯಾ ಬಂದ ಹೆಚ್ಚಿನ ಹೆಂಗಸರಿಗೆ ಉರಿ, ನೋವು ಏನೂ ಇರುವುದಿಲ್ಲ. ಸುಮ್ನೆ ಬಿಟ್ಟರೆ ಗರ್ಭನಾಳ ಹಾಳಾಗಿ ಮಕ್ಕಳಾಗುವುದೇ ಕಷ್ಟವಾಗಬಹುದು.

ಹೇಗಿದ್ದರೂ ಬಸ್ಸು ಹತ್ತಿ ಹೋಗಿರುತ್ತೀರಿ, ಅಲ್ವಾ? ಎರಡನ್ನೂ ಒಟ್ಟಿಗೆ ಮುಗಿಸಿ.

ಮೊದಲು ದಿನ ನೋಡಿಕೊಳ್ಳಿ. ಮುಟ್ಟಿನ ದಿನಗಳು ಬೇಡ. ಹಿಂದಿನ ಎರಡು ದಿನ ಸಂಭೋಗ, ಒಳಗೆ ಇಡುವ ಮಾತ್ರೆ, ಒಳಗೆ ನೀರು ಹಾಕಿ ತೊಳೆಯುವುದು ಬೇಡ.

ಮುಂದಿನದು ಎಲ್ಲಕ್ಕಿಂತ ಮುಖ್ಯ: ಮಲಗುವ ಮೊದಲೇ ಬಾಯಿಬಿಟ್ಟು ಕೇಳಿ. ‘ಸಿಸ್ಟರ್, ಸೋಂಕಿನ ಪರೀಕ್ಷೆಯನ್ನೂ ಮಾಡ್ತೀರಾ?’ ಅಷ್ಟು ಸಾಕು, ಕಾರಣ ಹೇಳಬೇಕಿಲ್ಲ. ಬಿಳಿ ಸೆರಗು, ಕೆಟ್ಟ ವಾಸನೆ, ಕೆಳಹೊಟ್ಟೆ ನೋವು ಇದ್ದರೆ ಅದನ್ನೂ ಹೇಳಿ. ಮೊದಲೇ ಏಕೆಂದರೆ, ತಪಾಸಣೆಯಲ್ಲಿ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ದ್ರಾವಣ ಹಚ್ಚಿ ಒಂದು ನಿಮಿಷ ಕಾಯುತ್ತಾರೆ. ಸ್ವಾಬ್ (ಹತ್ತಿ ಸುತ್ತಿದ ಕಡ್ಡಿಯಿಂದ ಒಳಗಿನ ದ್ರವದ ಮಾದರಿ) ತೆಗೆಯುವುದಿದ್ದರೆ ಅದಕ್ಕೂ ಮುಂಚೆ ತೆಗೆಯಬೇಕು. ಅತ್ತೆಯೋ ಓರಗಿತ್ತಿಯೋ ಜೊತೆಗೆ ಬಂದಿದ್ದರೆ ಅವರನ್ನು ಹೊರಗೆ ಕೂರಿಸಲು ಸಿಸ್ಟರ್‌ಗೇ ಹೇಳಿ. ನಮ್ಮ ಸಣ್ಣ ಊರುಗಳಲ್ಲಿ ಸಿಸ್ಟರೂ ನೆಂಟರ ಪೈಕಿಯೇ ಆಗಿರಬಹುದು, ಆ ಮುಜುಗರ ನಿಜ. ಹಾಗಿದ್ದರೆ ಬೇರೆ ತಾಲ್ಲೂಕಿನ ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ ಹೋಗಬಹುದು. ನಿಮ್ಮ ಒಪ್ಪಿಗೆ ಇಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಹಿರಂಗಪಡಿಸುವಂತಿಲ್ಲ ಎಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ.

ಸಿಫಿಲಿಸ್, ಎಚ್‌ಐವಿಗೆ ರಕ್ತ ಕೊಟ್ಟರಾಯಿತು. ಸರ್ಕಾರಿ ಐಸಿಟಿಸಿಯಲ್ಲಿ (ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ. ಕ್ಲಮೈಡಿಯಾ, ಗೊನೋರಿಯಾಕ್ಕೆ ಸ್ವಾಬ್ ಅಥವಾ ಮೂತ್ರದ ಮಾದರಿ ಬೇಕು. ಆ ಲ್ಯಾಬ್ ಸೌಲಭ್ಯ ಎಲ್ಲ ಕಡೆ ಇರುವುದಿಲ್ಲ. ಇಲ್ಲದ ಕಡೆ ಲಕ್ಷಣ ನೋಡಿಯೇ ಮಾತ್ರೆ ಕೊಡುತ್ತಾರೆ. ಲಕ್ಷಣವೇ ಇಲ್ಲದಿದ್ದರೆ ಆ ಪರೀಕ್ಷೆ ಎಲ್ಲಿ ಮಾಡುತ್ತಾರೆಂದು ಕೇಳಿ, ಚೀಟಿ ಬರೆಸಿಕೊಳ್ಳಿ.

ಫಲಿತಾಂಶ ಕೈಗೆ ಬಂದಾಗ ದುಡುಕಬೇಡಿ. ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರಬಲ್ಲ, ಸಂಭೋಗದಿಂದ ಹರಡುವ ವೈರಸ್) ಇದೆ ಎಂದ ಮಾತ್ರಕ್ಕೆ ಮನೆಯಲ್ಲಿ ಜಗಳ ತೆಗೆಯುವುದರಲ್ಲಿ ಅರ್ಥವಿಲ್ಲ. ಅದು ವರ್ಷಗಟ್ಟಲೆ ಒಳಗೇ ಅಡಗಿರಬಹುದು, ಯಾವಾಗ ಬಂತೆಂದು ಯಾರೂ ಹೇಳಲಾರರು. ಕ್ಲಮೈಡಿಯಾ, ಗೊನೋರಿಯಾ, ಸಿಫಿಲಿಸ್ ಇದ್ದರೆ ಔಷಧಿಯಿಂದ ವಾಸಿಯಾಗುತ್ತದೆ. ಆದರೆ ಗಂಡನಿಗೂ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಮತ್ತೆ ಅಂಟುತ್ತದೆ. ಅವರು ಬರಲು ಒಪ್ಪದಿದ್ದರೆ ಆಸ್ಪತ್ರೆಯ ಆಪ್ತಸಮಾಲೋಚಕರಿಗೆ ಹೇಳಿ. ಫೋನಿನಲ್ಲೇ ಕೇಳುವುದಾದರೆ ಎಚ್‌ಐವಿ ಸಹಾಯವಾಣಿ 1097, ಅದಕ್ಕೆ ದುಡ್ಡಿಲ್ಲ.