ಗೋಡೆಗೆ ಮೊಳೆ ಹೊಡೆಯುವ ಮುನ್ನ

ಕಾಲೇಜಿನ ಕಲಾ ಗ್ಯಾಲರಿಯ ಹೊಣೆ ನನ್ನ ಪಾಲಿಗೆ ಬಂದಾಗ, ಒಳ್ಳೆಯ ಕೃತಿಗಳನ್ನು ಆರಿಸಿದರೆ ಪ್ರದರ್ಶನದ ಮುಕ್ಕಾಲು ಕೆಲಸ ಮುಗಿಯಿತೆಂದೇ ಭಾವಿಸಿದ್ದೆ. ಮೊದಲ ವಿದ್ಯಾರ್ಥಿ ಪ್ರದರ್ಶನದಲ್ಲಿ ದಾರ ಕಟ್ಟಿ, ಎಲ್ಲ ಚೌಕಟ್ಟುಗಳ ಮೇಲಂಚನ್ನು ಒಂದೇ ನೇರಕ್ಕೆ ತಂದೆ. ದೊಡ್ಡ ಕ್ಯಾನ್ವಾಸುಗಳು ಚೆನ್ನಾಗಿಯೇ ಕಂಡವು; ಅಂಗೈಯಗಲದ ಪ್ರಿಂಟ್‌ಗಳನ್ನು ಮಾತ್ರ ನೋಡುಗರು ಕತ್ತೆತ್ತಿ ನೋಡಬೇಕಾಯಿತು.

ಆಮೇಲೆ ಮೇಲಂಚನ್ನು ಬಿಟ್ಟು ಚಿತ್ರದ ನಡುಬಿಂದುವನ್ನು ಹಿಡಿದೆ. ನಡುಬಿಂದು ನೆಲದಿಂದ ಸುಮಾರು 58 ಅಂಗುಲ ಎತ್ತರದಲ್ಲಿದ್ದರೆ ನಿಂತು ನೋಡುವ ಹೆಚ್ಚಿನವರ ಕಣ್ಣಿಗೆ ಹಿತವಾಗಿರುತ್ತದೆ. ಚೌಕಟ್ಟಿನ ಎತ್ತರ 24 ಅಂಗುಲವಿದ್ದು, ಹಿಂದಿನ ತಂತಿಯನ್ನು ಬೆರಳಿನಿಂದ ಮೇಲಕ್ಕೆ ಎಳೆದು ಹಿಡಿದಾಗ ಅದು ಮೇಲಂಚಿನಿಂದ 3 ಅಂಗುಲ ಕೆಳಗೆ ನಿಂತರೆ, 58ಕ್ಕೆ ಎತ್ತರದ ಅರ್ಧ 12 ಕೂಡಿಸಿ 3 ಕಳೆಯಬೇಕು. ಕೊಕ್ಕೆಯ ಜಾಗ 67 ಅಂಗುಲ. ತಂತಿ ಸಡಿಲವಾಗಿರುವಾಗಲೇ ಅಳೆದು, ಚಿತ್ರ ಕೆಳಗಿಳಿದು, ಗೋಡೆಯಲ್ಲಿ ಎರಡನೆಯ ತೂತು ಕೊರೆದದ್ದು ನನಗೆ ಹಲವು ಬಾರಿ ಆಗಿದೆ.

ಕೊಕ್ಕೆ ಹೊಡೆಯುವ ಮೊದಲು ಕೃತಿಗಳನ್ನೆಲ್ಲ ಗೋಡೆಯ ಬುಡದಲ್ಲಿ ಒರಗಿಸಿ ಒಂದು ದಿನ ಹಾಗೆಯೇ ಬಿಡುತ್ತೇನೆ. ಬಾಗಿಲಿಗೆ ಎದುರಾದ ಗೋಡೆ ಎಲ್ಲ ವಿದ್ಯಾರ್ಥಿಗಳಿಗೂ ಬೇಕು. ಹೆಚ್ಚು ಅಂಕ ಪಡೆದ ಕೃತಿಗೆ ಆ ಜಾಗ ಸಲ್ಲಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ದೂರದಿಂದಲೇ ಕಣ್ಣಿಗೆ ದಕ್ಕುವ ಕೃತಿಗೆ ಅದು ಸಲ್ಲಬೇಕು. ಹತ್ತಿರ ಹೋಗಿ ನೋಡಬೇಕಾದ ನವಿರಾದ ರೇಖಾಚಿತ್ರವನ್ನು ಅಲ್ಲಿಟ್ಟರೆ ಅದಕ್ಕೇ ಅನ್ಯಾಯ.

ನಾನು ತೀರ ತಡವಾಗಿ ಕಲಿತದ್ದು ಬೆಳಕಿನ ವಿಚಾರವನ್ನು. ಒಮ್ಮೆ ವಿದ್ಯಾರ್ಥಿನಿಯೊಬ್ಬಳ ಜಲವರ್ಣ ಚಿತ್ರ ಪಶ್ಚಿಮದ ಕಿಟಕಿಯ ಬಿಸಿಲು ಬೀಳುವಲ್ಲಿ ಮೂರು ವಾರ ಇತ್ತು. ಇಳಿಸಿ ಮೌಂಟ್ (ಚಿತ್ರದ ಅಂಚನ್ನು ಮುಚ್ಚುವಂತೆ ಸುತ್ತ ಕೂರಿಸುವ ದಪ್ಪ ರಟ್ಟು) ಬಿಚ್ಚಿದಾಗ, ಮೌಂಟಿನ ಅಡಿಯಲ್ಲಿ ಮುಚ್ಚಿಹೋಗಿದ್ದ ಕಿರುಬೆರಳಗಲದ ಅಂಚಿನಲ್ಲಿ ಮಾತ್ರ ಗುಲಾಬಿ ಬಣ್ಣ ಮೊದಲಿನಂತೆ ಉಳಿದಿತ್ತು. ಉಳಿದ ಭಾಗ ಬಿಳಿಚಿಕೊಂಡಿತ್ತು. ಆಕೆ ಏನೂ ಅನ್ನಲಿಲ್ಲ, ನನಗೂ ಮಾತು ಹೊರಡಲಿಲ್ಲ. ಹೀಗೆ ಮಾಸಿದ ಬಣ್ಣ ಮರಳುವುದಿಲ್ಲ, ಮತ್ತು ಈ ಹಾನಿ ಕೂಡುತ್ತಲೇ ಹೋಗುತ್ತದೆ: 100 ಲಕ್ಸ್ (ಲಕ್ಸ್ ಎಂದರೆ ಕೃತಿಯ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ) ಬೆಳಕಿನಲ್ಲಿ ಐದು ಗಂಟೆ ಇಟ್ಟರೂ 50 ಲಕ್ಸ್‌ನಲ್ಲಿ ಹತ್ತು ಗಂಟೆ ಇಟ್ಟರೂ ಲೆಕ್ಕ ಒಂದೇ. ಕಾಗದದ ಮೇಲಿನ ಕೃತಿಗಳಿಗೆ 50 ಲಕ್ಸ್, ತೈಲವರ್ಣಗಳಿಗೆ 200 ಲಕ್ಸ್ ಎಂಬ ರೂಢಿಯ ಮಿತಿಯನ್ನು ಈಗ ಮಾಪಕ ಹಿಡಿದೇ ಪಾಲಿಸುತ್ತೇನೆ. ಕಿಟಕಿಗೆ ನೇರಳಾತೀತ ಕಿರಣ ತಡೆಯುವ ಹಾಳೆ ಅಂಟಿಸಿದ್ದೂ ಆಗಿದೆ. ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣ ಕೆಡಿಸುವುದರಿಂದ ಅದೊಂದನ್ನೇ ನಂಬುವಂತಿಲ್ಲ.

ಕೃತಿ ಒಳಬರುವಾಗಲೇ ಅದರ ಗೀರು, ಕಲೆ, ಚೌಕಟ್ಟಿನ ಸೀಳುಗಳನ್ನು ಬರೆದು, ಫೋಟೊ ತೆಗೆದು, ಕಲಾವಿದರ ಸಹಿ ಪಡೆಯುವುದನ್ನೂ ಆ ಘಟನೆಯ ನಂತರವೇ ಆರಂಭಿಸಿದೆ. ಹಿಂದಿರುಗಿಸುವಾಗ ಅದೇ ಹಾಳೆಯನ್ನು ಮುಂದಿಟ್ಟುಕೊಂಡು ಇಬ್ಬರೂ ಕೃತಿಯನ್ನು ನೋಡುತ್ತೇವೆ. ಪಶ್ಚಿಮದ ಕಿಟಕಿಯ ಬಿಸಿಲು ಬೀಳುವ ಜಾಗದಲ್ಲಿ ಈಗ ಕಲ್ಲು, ಲೋಹ ಮತ್ತು ಸುಟ್ಟ ಮಣ್ಣಿನ ಶಿಲ್ಪಗಳನ್ನು ಮಾತ್ರ ಇಡುತ್ತೇನೆ.