ನೀವು ನಿಂತರೆ ದೋಣಿ ಕೂರುತ್ತದೆ: ರಂಗನತಿಟ್ಟಿನಲ್ಲಿ ದೋಣಿ ಹತ್ತುವ ಕ್ರಮ

ಮೈಸೂರಿನಲ್ಲಿ ಮನೆ ಮಾಡಿಕೊಂಡವರಿಗೆ ನೆಂಟರನ್ನು ಸುತ್ತಾಡಿಸುವ ಕೆಲಸ ತಪ್ಪಿದ್ದಲ್ಲ. ಬೇಸಿಗೆ ರಜೆ, ದಸರಾ, ಡಿಸೆಂಬರ್ ಕೊನೆಯ ವಾರ, ಮೂರೂ ಸಲ ಬರುತ್ತಾರೆ. ಅರಮನೆ ಆಯಿತು, ಬೆಟ್ಟ ಆಯಿತು, ಮೃಗಾಲಯವೂ ಆಯಿತು ಎನ್ನುವಾಗ ಯಾವುದೋ ಮಗು, ‘ದೋಣೀಲಿ ಹೋಗೋಣ ದೊಡ್ಡಪ್ಪ’ ಎಂದು ರಾಗ ತೆಗೆಯುತ್ತದೆ. ನಮಗೆ ಸಮುದ್ರವಿಲ್ಲ, ಬಂದರಿಲ್ಲ. ನಾಲೆಗಳೇನೋ ಬೇಕಾದಷ್ಟಿವೆ, ಆದರೆ ವಿ.ಸಿ. ನಾಲೆ, ವರುಣಾ ನಾಲೆಗಳೆಲ್ಲ ಗದ್ದೆಗೆ ನೀರುಣಿಸುವುದಕ್ಕಿವೆಯೇ ಹೊರತು ನಮ್ಮ ವಿಹಾರಕ್ಕಲ್ಲ. ಉಳಿದದ್ದು ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟು ಪಕ್ಷಿಧಾಮ.

ಅಲ್ಲಿಗೆ ಹೋದ ಬಹಳಷ್ಟು ಜನ ‘ದೂರದಲ್ಲಿ ಏನೋ ಬಿಳೀ ಹಕ್ಕಿ ಕಂಡ್ವು, ಅಷ್ಟೇ’ ಎಂದು ಗೊಣಗುತ್ತಲೇ ವಾಪಸಾಗುವುದನ್ನು ನೋಡಿದ್ದೇನೆ. ಅದೇ ನೀರು, ಅದೇ ದೋಣಿ; ಪಕ್ಕದ ದೋಣಿಯವರು ಮಾತ್ರ ಮೊಸಳೆಯ ಹಲ್ಲು ಎಣಿಸಿಕೊಂಡು ಬಂದಿರುತ್ತಾರೆ. ಹಾಗಾಗಿ ಈ ಕ್ರಮವನ್ನು ಬರೆದಿಡುತ್ತಿದ್ದೇನೆ.

ಹೆಜ್ಜೆ 1: ಪಂಚಾಂಗ ಬಿಡಿ, ಪೇಪರ್ ನೋಡಿ

ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟ ನಮ್ಮ ಕಡೆಯ ಪತ್ರಿಕೆಗಳಲ್ಲಿ ದಿನವೂ ಬರುತ್ತದೆ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಕ್ಯುಸೆಕ್. ರೈತರಲ್ಲದವರು ಇದನ್ನು ಓದದೆ ಪುಟ ಮಗುಚುತ್ತಾರೆ. ದೋಣಿ ಹತ್ತುವವರಿಗೆ ಬೇಕಾದದ್ದು ಕೊನೆಯ ಅಂಕಿ, ಹೊರಹರಿವು. ರಂಗನತಿಟ್ಟು ಇರುವುದು ಅಣೆಕಟ್ಟೆಯ ಕೆಳಗೆ. ಕೊಡಗಿನಲ್ಲಿ ಜುಲೈ, ಆಗಸ್ಟ್ ಮಳೆ ಜೋರಾಗಿ ಕಟ್ಟೆ ತುಂಬಿತೆಂದರೆ ಗೇಟು ತೆಗೆಯುತ್ತಾರೆ. ನದಿ ಉಕ್ಕಿ ನಡುನೀರಿನ ತಿಟ್ಟುಗಳು ಮುಳುಗುತ್ತವೆ, ಕೆಳಕೊಂಬೆಯ ಗೂಡುಗಳು ಕೊಚ್ಚಿಹೋಗುತ್ತವೆ, ದೋಣಿ ನಿಲ್ಲಿಸುತ್ತಾರೆ. ‘ನದಿಪಾತ್ರದ ಜನರಿಗೆ ಎಚ್ಚರಿಕೆ’ ಎಂಬ ತಲೆಬರಹ ಕಂಡ ವಾರ ನೆಂಟರನ್ನು ಅರಮನೆಯಲ್ಲೇ ಇನ್ನೊಂದು ಸುತ್ತು ಹಾಕಿಸಿ.

ನನ್ನನ್ನು ಕೇಳಿದರೆ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಯಾವುದಾದರೂ ವಾರದ ದಿನ, ಬಾಗಿಲು ತೆಗೆಯುವ ಹೊತ್ತಿಗೆ. ಮೊದಲರ್ಧದಲ್ಲಿ ವಲಸೆ ಹಕ್ಕಿ ಇರುತ್ತವೆ, ಕೊನೆಗೊನೆಗೆ ಬಣ್ಣದ ಕೊಕ್ಕರೆಗಳ ಗೂಡಿನ ಗಲಾಟೆ. ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಹೋಗುವುದಾದರೆ ಮುಂದಿನದನ್ನು ಓದುವ ಕಷ್ಟ ತೆಗೆದುಕೊಳ್ಳಬೇಡಿ.

ಹೆಜ್ಜೆ 2: ಚೀಲ

ನೀರು, ಟೋಪಿ, ಮಾಸಲು ಬಣ್ಣದ ಬಟ್ಟೆ. ಕೆಂಪು, ಹಳದಿ ಅಂಗಿ ಮದುವೆಗಿರಲಿ. ತಿಂಡಿ ಪೊಟ್ಟಣ ಕಾರಿನಲ್ಲೇ ಇರಲಿ. ಅಲ್ಲಿನ ಕೋತಿಗಳಿಗೆ ಚಿಪ್ಸ್ ಪೊಟ್ಟಣದ ಸದ್ದು ನಮಗಿಂತ ಚೆನ್ನಾಗಿ ಗೊತ್ತು.

ಬೈನಾಕ್ಯುಲರ್ ವಿಷಯ ಸ್ವಲ್ಪ ಹೇಳಲೇಬೇಕು. ಜಾತ್ರೆಯ ಅಂಗಡಿಯೊಂದರಲ್ಲಿ ‘90x90’ ಎಂದು ದಪ್ಪಕ್ಷರದಲ್ಲಿ ಬರೆದದ್ದನ್ನು ನಂಬಿ ಕೊಂಡು, ಮನೆಗೆ ಬಂದು ನೋಡಿದರೆ ಎದುರುಮನೆಯ ತೆಂಗಿನಮರವೇ ಎರಡಾಗಿ ಕಂಡಿತ್ತು. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ದೋಣಿ ಅಲುಗುತ್ತಲೇ ಇರುತ್ತದೆ. ಪಟ್ಟು ಹೆಚ್ಚಿದಷ್ಟೂ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚಿ, ಹಕ್ಕಿಯ ಬದಲು ಬಿಳೀ ಗೆರೆ ಕಾಣುತ್ತದೆ. 8x40 ಅಥವಾ 8x42 ಸಾಕು. 10ರ ಮೇಲಿನದ್ದನ್ನು ದೋಣಿಗೆ ತರಲೇಬೇಡಿ. ಮೊಬೈಲಿಗೆ ಸಿಕ್ಕಿಸುವ ಜೂಮ್ ಲೆನ್ಸ್ ದುಡ್ಡಿಗೆ ದಂಡ. ಮೊಬೈಲಿನ ಪ್ಲಾಸ್ಟಿಕ್ ಚೀಲ ಕೊಳ್ಳುವುದಾದರೆ ಮೊದಲು ಅದರೊಳಗೆ ಒಂದು ಟಿಶ್ಯೂ ಕಾಗದ ಹಾಕಿ, ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಕಾಗದ ಒದ್ದೆಯಾದರೆ ಚೀಲ ಕಸದ ಬುಟ್ಟಿಗೆ. ನಾನು ತಂದ ಮೂರರಲ್ಲಿ ಎರಡು ಬುಟ್ಟಿಗೇ ಹೋದವು.

ಹೆಜ್ಜೆ 3: ದಾರಿ

ಮೈಸೂರಿನಿಂದ 20 ಕಿಲೋಮೀಟರಿಗೂ ಕಡಿಮೆ. ಎಕ್ಸ್‌ಪ್ರೆಸ್‌ವೇ ಬೈಪಾಸ್ ಹತ್ತಬೇಡಿ, ಹಳೇ ರಸ್ತೆಯಲ್ಲೇ ಪಶ್ಚಿಮವಾಹಿನಿ ಕಡೆಗೆ ಹೋಗಿ ತಿರುಗಿ. ಬೈಕಿನವರಿಗೆ 2023ರ ಆಗಸ್ಟಿನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಪ್ರವೇಶವೇ ಇಲ್ಲ.

ಹೆಜ್ಜೆ 4: ಟಿಕೆಟ್, ಮತ್ತು ಯಾರ ಜೊತೆ ಹತ್ತುತ್ತೀರಿ ಎನ್ನುವುದು

ಪ್ರವೇಶಕ್ಕೆ ಒಂದು, ದೋಣಿಗೆ ಒಂದು ಟಿಕೆಟ್. ದೊಡ್ಡ ಲೆನ್ಸಿನ ಕ್ಯಾಮೆರಾಕ್ಕೆ ಬೇರೆ ಶುಲ್ಕ. ದರಪಟ್ಟಿ ಅಲ್ಲೇ ಹಾಕಿರುತ್ತಾರೆ. ಎಲ್ಲರ ಜೊತೆ ಹತ್ತುವ ಸಾಮಾನ್ಯ ದೋಣಿ ಇದೆ, ನಿಮ್ಮ ಗುಂಪಿಗೇ ಬಿಡುವ ದೋಣಿಯೂ ಇದೆ. ಐದಾರು ಜನರಿದ್ದರೆ ಎರಡನೆಯದನ್ನೇ ಮಾಡಿ. ದುಬಾರಿ, ನಿಜ. ಆದರೆ ಸಾಮಾನ್ಯ ದೋಣಿಯಲ್ಲಿ ಪಕ್ಕದ ಬೆಂಚಿನವರು ಸ್ಪೀಕರ್ ಹಾಕಿ ವಿಡಿಯೋ ಕಾಲ್ ಮಾಡಿದರೆ ನೀವೇನೂ ಮಾಡಲಾಗದು. ಸ್ವಂತ ದೋಣಿಯಲ್ಲಿ ‘ಅಣ್ಣಾ, ಇಲ್ಲಿ ಎರಡು ನಿಮಿಷ ನಿಲ್ಸಿ’ ಎನ್ನಬಹುದು. ಆ ಎರಡು ನಿಮಿಷಕ್ಕೇ ನೀವು ದುಡ್ಡು ಕೊಟ್ಟಿರುವುದು.

ಇಷ್ಟು ಕೊಡುವ ಬದಲು ಬಲಮುರಿಯಲ್ಲೋ ಸಂಗಮದಲ್ಲೋ ಹರಿಗೋಲು ಹತ್ತಿದರಾಗದೇ ಎಂದು ಕೇಳುವವರಿದ್ದಾರೆ. ಹರಿಗೋಲು ಬೇರೆಯದೇ ಮಜಾ, ಹಕ್ಕಿ ನೋಡುವುದಕ್ಕಲ್ಲ. ಬುಟ್ಟಿಯ ಆಕಾರವಾದ್ದರಿಂದ ಅದು ನೇರ ಹೋಗುವುದಕ್ಕಿಂತ ಸುತ್ತುವುದೇ ಸಲೀಸು, ನಡೆಸುವವರೂ ಹುರುಪಿಗೆ ಬುಗುರಿಯಂತೆ ತಿರುಗಿಸುತ್ತಾರೆ. ಬೆಳಗಿನ ಮಸಾಲೆ ದೋಸೆ ಹೊಟ್ಟೆಯಲ್ಲಿದ್ದರೆ ‘ತಿರುಗಿಸಬೇಡಿ’ ಎಂದು ಮೊದಲೇ ಹೇಳಿ. ಲೈಫ್ ಜಾಕೆಟ್ ಇಲ್ಲ ಎಂದರೆ ಹತ್ತಬೇಡಿ, ಎಷ್ಟೇ ಅಗ್ಗವಾಗಲಿ.

ಸರತಿಗೆ ಕಾಯುವಾಗ ಮಕ್ಕಳನ್ನು ಶೌಚಾಲಯಕ್ಕೆ ಕಳಿಸಿ. ಕಾಯುತ್ತಾ ಕೂತ ದೊಡ್ಡವರಿಗೆ ಹೇಳಲು ಒಂದು ಕಥೆಯೂ ಇದೆ. ಈ ತಿಟ್ಟುಗಳು ತಾವಾಗಿ ಹುಟ್ಟಿದವಲ್ಲ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಕಾವೇರಿಗೆ ಒಡ್ಡು ಕಟ್ಟಿದರು. ನೀರು ನಿಂತು ಹರಡಿಕೊಂಡಿತು, ಎತ್ತರದ ನೆಲ ಮಾತ್ರ ಮೇಲುಳಿಯಿತು. ನೀರು ನಿಧಾನವಾದದ್ದಕ್ಕೇ ಇವತ್ತು ಇಲ್ಲಿ ಹುಟ್ಟು ಹಾಕಿ ದೋಣಿ ನಡೆಸಲಾಗುತ್ತದೆ. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ನೋಡಿ ಮೈಸೂರು ಮಹಾರಾಜರ ಮನವೊಲಿಸಿದರು, 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ, ಮಹತ್ವದ ಜೌಗುಪ್ರದೇಶಗಳಿಗೆ ಕೊಡುವ ರಾಮ್ಸಾರ್ ತಾಣ ಎಂಬ ಅಂತಾರಾಷ್ಟ್ರೀಯ ಮನ್ನಣೆ ಸಿಕ್ಕಿತು, ಕರ್ನಾಟಕದಲ್ಲಿ ಮೊದಲನೆಯದು.

ಹೆಜ್ಜೆ 5: ಹತ್ತುವುದು, ಕೂರುವುದು

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ. ಬಸ್ ಹತ್ತಿದ ಹಾಗೆ ದೋಣಿ ಹತ್ತುತ್ತಾರೆ.

ಮೊದಲು ಲೈಫ್ ಜಾಕೆಟ್. ಹೆಗಲಿಗೆ ನೇತುಹಾಕಿಕೊಂಡರೆ ಸಾಲದು, ಎಲ್ಲ ಬಕಲ್ ಹಾಕಿ ಪಟ್ಟಿ ಎಳೆಯಿರಿ. ಆಮೇಲೆ ಇನ್ನೊಬ್ಬರು ಹೆಗಲ ಹತ್ತಿರ ಹಿಡಿದು ಮೇಲಕ್ಕೆತ್ತಲಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ಸಡಿಲ, ನೀರಿಗೆ ಬಿದ್ದರೆ ನಿಮ್ಮನ್ನು ಬಿಟ್ಟು ಅದೊಂದೇ ತೇಲುತ್ತದೆ. ಮಕ್ಕಳಿಗೆ ಮಕ್ಕಳ ಅಳತೆಯದೇ ಕೇಳಿ. ಕ್ಯಾಮೆರಾ ಪಟ್ಟಿ ಜಾಕೆಟ್ಟಿನ ಮೇಲೆ ಬರಲಿ, ಒಳಗಲ್ಲ. ಫೋಟೊ ಚೆನ್ನಾಗಿ ಬರಲ್ಲ ಎಂದು ಜಾಕೆಟ್ ಬಿಚ್ಚುವ ಅತ್ತಿಗೆಯರಿಗೆ ದಡದಲ್ಲೇ ಫೋಟೊ ತೆಗೆದುಕೊಟ್ಟುಬಿಡಿ.

ಇನ್ನು ಕಾಲಿಡುವುದು. ದೋಣಿಯ ಅಂಚಿನ ಮೇಲೆ ಕಾಲಿಡಬೇಡಿ. ಭಾರ ಬಿದ್ದ ಕಡೆಗೆ ದೋಣಿ ವಾಲುತ್ತದೆ, ನೀವು ಮತ್ತೊಂದು ಕಡೆಗೆ ವಾಲುತ್ತೀರಿ. ಕಾಲು ನೇರ ದೋಣಿಯ ನಟ್ಟನಡುವಿಗೆ ಹೋಗಲಿ. ಒಬ್ಬೊಬ್ಬರೇ ದೋಣಿಯೊಳಕ್ಕೆ ಇಳಿಯಿರಿ. ಎರಡೂ ಕೈ ಖಾಲಿ ಇರಬೇಕು, ಚೀಲವನ್ನು ದಡದಲ್ಲಿರುವವರು ಆಮೇಲೆ ಕೊಡಲಿ. ಒಂದು ಕೈ ದೋಣಿಯವರಿಗೆ ಕೊಡಿ, ಮೊಣಕಾಲು ಮಡಚಿ ತಗ್ಗಿ, ಕಾಲಿಟ್ಟ ತಕ್ಷಣ ಕೂತುಬಿಡಿ. ನಿಂತು ‘ಎಲ್ಲಿ ಕೂರ್‍ಲಿ, ನೀನೆಲ್ಲಿ ಕೂರ್ತೀಯಾ’ ಎಂಬ ಚರ್ಚೆ ಬೇಡ. ಅದು ದಡದಲ್ಲೇ ಮುಗಿದಿರಬೇಕು.

ಆ ಚರ್ಚೆಯನ್ನು ನಾನು ಹೀಗೆ ಮುಗಿಸುತ್ತೇನೆ. ತೂಕದವರು ನಡುಬೆಂಚಿಗೆ, ಎಡಕ್ಕೊಬ್ಬರು ಬಲಕ್ಕೊಬ್ಬರು. (ತೂಕದವರು ಯಾರು ಎಂದು ಹೆಸರು ಹಿಡಿದು ಕರೆಯಬೇಡಿ, ‘ದೊಡ್ಡವರು ಮಧ್ಯದಲ್ಲಿ’ ಎಂದರೆ ಸಾಕು.) ಮಕ್ಕಳು ಒಬ್ಬರೇ ಅಂಚಿಗೆ ಬಾರದ ಹಾಗೆ ಇಬ್ಬರು ದೊಡ್ಡವರ ನಡುವೆ. ಕ್ಯಾಮೆರಾ ಇರುವವರು ಒಂದೇ ಕಡೆ ಸೇರಬಾರದು, ಎರಡೂ ಪಕ್ಕಕ್ಕೆ ಹಂಚಿಕೊಳ್ಳಿ. ಮುಂದಿನ ಮೂತಿಯ ಜಾಗಕ್ಕೆ ಎಲ್ಲರೂ ಕಣ್ಣು ಹಾಕುತ್ತಾರೆ. ಅಲ್ಲಿ ಅಲುಗಾಟ ಜಾಸ್ತಿ, ಬೈನಾಕ್ಯುಲರ್ ನಿಲ್ಲುವುದಿಲ್ಲ. ನನ್ನ ಜಾಗ ಯಾವಾಗಲೂ ನಡುಬೆಂಚಿನ ತುದಿ, ಮೊಣಕೈ ಮೊಣಕಾಲಿಗೆ ಊರಿಕೊಂಡು. ಬಿಸಿಲಿಗೆ ಬೆನ್ನು ಕೊಟ್ಟು ಕೂರಬೇಕೆಂದು ಜಗಳವಾಡಬೇಡಿ, ದೋಣಿ ವಾಪಸು ತಿರುಗುತ್ತಲೇ ಬಿಸಿಲೂ ತಿರುಗುತ್ತದೆ.

ಎಲ್ಲಕ್ಕಿಂತ ದೊಡ್ಡ ನಿಯಮ: ಮೊಸಳೆ ಎಡಕ್ಕಿದ್ದರೆ ಬಲಗಡೆಯವರು ಕೂತಲ್ಲೇ ಕತ್ತು ತಿರುಗಿಸಿ ನೋಡಬೇಕು. ನಮ್ಮ ಷಡ್ಡಕರು ಬಂಡೆಯ ಮೇಲಿನ ಮೊಸಳೆ ಕಂಡದ್ದೇ ಎದ್ದು ನಿಂತು, ಮೊಬೈಲ್ ಹಿಡಿದು ಎಡಕ್ಕೆ ಬಾಗಿದರು. ಅವರ ಹಿಂದೆ ಮಕ್ಕಳಿಬ್ಬರು ಎದ್ದರು. ಹುಟ್ಟು ಹಾಕುತ್ತಿದ್ದವರು ದನಿಯನ್ನೂ ಏರಿಸದೆ, ‘ಕುಂತ್ಕಳಿ ಸಾರ್. ನೀವ್ ನಿಂತ್ಕಂಡ್ರೆ ದೋಣಿ ಕುಂತ್ಕತದೆ’ ಎಂದರು. ಷಡ್ಡಕರು ಕೂತರು. ಮೊಸಳೆ ಕಣ್ಣನ್ನೂ ಮಿಟುಕಿಸಲಿಲ್ಲ.

ಹೆಜ್ಜೆ 6: ನೀರಿನ ಮೇಲೆ

ಮಾತು ನಿಲ್ಲಿಸಿ. ಕೈ ನೀರಿಗೆ ಬಿಡಬೇಡಿ. ‘ಇನ್ನೂ ಹತ್ತಿರ ಹೋಗಿ’ ಎಂದು ದೋಣಿಯವರನ್ನು ಪೀಡಿಸಬೇಡಿ. ಗೂಡಿನ ಹತ್ತಿರ ದೋಣಿ ಹೋದರೆ ತಾಯಿ ಹಕ್ಕಿ ಎದ್ದು ಹೋಗುತ್ತದೆ, ಮರಿ ಬಿಸಿಲಿಗೆ ಬೀಳುತ್ತದೆ. ಎಷ್ಟು ದೂರದಲ್ಲಿ ನಿಲ್ಲಬೇಕೆಂಬ ಲೆಕ್ಕ ಅವರ ಕೈಯಲ್ಲೇ ಇದೆ. ಬದಲಿಗೆ ‘ಇವತ್ತು ಏನು ಕಾಣ್ತಿದೆ ಅಣ್ಣಾ?’ ಎಂದು ಕೇಳಿ ಸುಮ್ಮನಾಗಿ. ಬೆಳಗಿನಿಂದ ಅದೇ ನೀರಿನಲ್ಲಿ ಓಡಾಡಿದವರು, ಬಾವಲಿ ಯಾವ ಮರದಲ್ಲಿ ನೇತಾಡುತ್ತಿವೆ, ನೀರುನಾಯಿ ಯಾವ ಬಂಡೆಯ ಹಿಂದೆ ತಲೆಯೆತ್ತಿತ್ತು ಎಂದು ಅವರೇ ಹೇಳುತ್ತಾರೆ.

ಎಲ್ಲ ಹಕ್ಕಿಯ ಹೆಸರೂ ಕಲಿಯಬೇಕಿಲ್ಲ, ಕೊಕ್ಕು ನೋಡಿದರೆ ಅರ್ಧ ಕೆಲಸ ಮುಗಿಯಿತು. ತುದಿ ಚಮಚದಂತೆ ಚಪ್ಪಟೆಯಾಗಿದ್ದು, ಅದನ್ನು ನೀರಿನಲ್ಲಿ ಅತ್ತಿತ್ತ ಆಡಿಸುತ್ತಿದ್ದರೆ ಚಮಚದ ಕೊಕ್ಕು. ಕೊಕ್ಕು ಮುಚ್ಚಿದ ಮೇಲೂ ನಡುವೆ ಸಂದು ಉಳಿದರೆ ಬಾಯ್ಕಳಕ. ಬಸವನಹುಳ ತಿನ್ನುವುದರಲ್ಲಿ ಪಳಗಿದ ಹಕ್ಕಿ. ಕೊಕ್ಕಿನ ಕೆಳಗೆ ಚೀಲ ಜೋತುಬಿದ್ದಿದ್ದರೆ ಹೆಜ್ಜಾರ್ಲೆ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರ ಮರಗಳಲ್ಲೇ ಸಂಸಾರ ಹೂಡುವುದು ಇದೇ. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ ಇದ್ದರೆ ಬಣ್ಣದ ಕೊಕ್ಕರೆ. ದೊಡ್ಡವಕ್ಕೆ ದನಿಯೇ ಇಲ್ಲದಂತೆ, ಕೊಕ್ಕು ಕಟಕಟ ಬಡಿಯುತ್ತವೆ ಅಷ್ಟೇ; ತಿಟ್ಟಿನಿಂದ ಕೇಳುವ ರಂಪವೆಲ್ಲ ಹಸಿದ ಮರಿಗಳದ್ದು. ಬಂಡೆಯ ಮೇಲೆ ರೆಕ್ಕೆ ಹರಡಿ ಬಟ್ಟೆ ಒಣಹಾಕಿದಂತೆ ನಿಂತದ್ದು ನೀರುಕಾಗೆ ಅಥವಾ ಹಾವಕ್ಕಿ. ಅವುಗಳ ಗರಿ ನೀರು ಕುಡಿಯುತ್ತದೆ, ಮೀನು ಹಿಡಿದ ಮೇಲೆ ಒಣಗಿಸಿಕೊಳ್ಳಲೇಬೇಕು.

ಮೊಸಳೆ ಬಾಯಿ ತೆರೆದು ಮಲಗಿದ್ದರೆ ‘ನಮ್ಮನ್ನ ನೋಡಿ ಬಾಯಿ ಬಿಡ್ತಿದೆ’ ಎಂದು ಮಕ್ಕಳನ್ನು ಹೆದರಿಸಬೇಡಿ. ಬೆವರಲು ಬಾರದ ಪ್ರಾಣಿ, ಮೈಯ ಬಿಸಿ ಇಳಿಸಿಕೊಳ್ಳುತ್ತಿದೆ. ಸುಳ್ಳು ಹೇಳಿದರೆ ಮಗು ಅಳುತ್ತದೆ, ಅತ್ತರೆ ಹಕ್ಕಿ ಹಾರುತ್ತದೆ.

ಹೆಜ್ಜೆ 7: ಇಳಿಯುವುದು

ದಡ ಮುಟ್ಟಿತು ಎಂದು ಎಲ್ಲರೂ ಒಟ್ಟಿಗೆ ಏಳುತ್ತಾರೆ. ದೋಣಿಯನ್ನು ಕಟ್ಟಿ, ದೋಣಿಯವರು ಕರೆಯುವವರೆಗೆ ಏಳಬೇಡಿ. ಹತ್ತಿದ ಕ್ರಮವನ್ನೇ ಹಿಂದುಮುಂದಾಗಿಸಿ: ದಡಕ್ಕೆ ಹತ್ತಿರದವರು ಮೊದಲು, ನಡುಬೆಂಚಿನವರು ಕೊನೆಗೆ, ಚೀಲ ಕೈಯಿಂದ ಕೈಗೆ. ಹಿಂದಿನ ಕಾಲಿನಿಂದ ದೋಣಿಯನ್ನು ಒದ್ದು ನೆಗೆಯಬೇಡಿ. ನೆಗೆದರೆ ನೀವು ಮುಂದಕ್ಕೆ, ದೋಣಿ ಹಿಂದಕ್ಕೆ. ಅಷ್ಟೆಲ್ಲ ಪಾಠವಾದ ಮೇಲೂ ನಮ್ಮ ಷಡ್ಡಕರು ನೆಗೆದೇ ನೆಗೆದರು. ಮೊಣಕಾಲುದ್ದದ ನೀರು, ಏನೂ ಆಗಲಿಲ್ಲ. ಎಡಗಾಲಿನ ಚಪ್ಪಲಿಯೊಂದು ಮಾತ್ರ ಕಾವೇರಿಗೆ ಹೋಯಿತು. ಬಲಗಾಲಿನದ್ದನ್ನು ಪಶ್ಚಿಮವಾಹಿನಿಯವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದರು.